ಶರಾವತಿಯ ಕಣಿವೆಯೂ ಗೇರುಸೊಪ್ಪೆಯ ಬಸದಿಗಳೂ

ಶ್ರೀ ವೀತರಾಗಾಯ ನಮಃ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

 

ಪಂಚಕಲ್ಯಾಣದ ಮಂಗಲವಿಧಿಗಳು ನಡೆಯುತ್ತಿರುವ ಈ ಪುಣ್ಯಕಾಲದಲ್ಲಿ ಎಲ್ಲರ ಕಣ್ಣೂ ನೂತನ ಜಿನಬಿಂಬದ ಮೇಲೆ ನೆಟ್ಟಿರುವುದು ಸಹಜ. ಗರ್ಭಾವತರಣದಿಂದ ಮೊದಲ್ಗೊಂಡು ನಿರ್ವಾಣದವರೆಗಿನ ಐದು ಕಲ್ಯಾಣಗಳು ಸಾಂಗವಾಗಿ ನೆರವೇರಿದ ಮೇಲೆ ಶಿಲೆಯು ಶಿಲೆಯಾಗಿ ಉಳಿಯದೆ ಪೂಜ್ಯವಾಗುವುದು. ಆದರೆ ಚಪ್ಪರ ಬಿಚ್ಚಿ, ಬಂಧುಬಳಗವು ಊರಿಗೆ ಮರಳಿದ ಮೇಲಣ ದಿನಗಳಲ್ಲಿ ಆ ಬಿಂಬದ ಮುಂದೆ ನಿತ್ಯವೂ ದೀಪ ಹಚ್ಚುವವರು ಯಾರು, ಅಭಿಷೇಕಕ್ಕೆ ನೀರು ತರುವವರು ಯಾರು ಎಂಬ ಪ್ರಶ್ನೆಯು ಪ್ರತಿಷ್ಠೆಯಷ್ಟೇ ದೊಡ್ಡದು. ಈ ಪ್ರಶ್ನೆಗೆ ಉತ್ತರವನ್ನು ಗ್ರಂಥಗಳಲ್ಲಿ ಹುಡುಕುವಂತೆಯೇ ನಾಡಿನ ಒಂದು ಕಣಿವೆಯಲ್ಲಿಯೂ ಹುಡುಕಬಹುದು. ಅದು ಪಶ್ಚಿಮ ಘಟ್ಟದ ಮಡಿಲಿನಲ್ಲಿರುವ ಶರಾವತಿಯ ಕಣಿವೆ. ಒಂದು ಕಾಲಕ್ಕೆ ಅಲ್ಲಿ ಬಸದಿಗಳ ಘಂಟಾನಾದವು ನದಿಯ ಎರಡು ದಡಗಳಿಗೂ ಕೇಳುತ್ತಿತ್ತು. ಇಂದು ಅಲ್ಲಿ ಕೇಳುವುದು ಹಕ್ಕಿಯ ದನಿ, ಎಲೆಯ ಸಪ್ಪಳ, ನೀರಿನ ಮೊರೆತ. ಆ ಕಣಿವೆಯ ಚೆಲುವನ್ನೂ ಅಲ್ಲಿಯ ಜೈನ ಪರಂಪರೆಯನ್ನೂ ಈ ಸಭೆಯ ಮುಂದೆ ಇಡುವುದೇ ಈ ಭಾಷಣದ ಉದ್ದೇಶ.

ನದಿಯ ದಾರಿ

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥವು ಶರಾವತಿಯ ಉಗಮಸ್ಥಾನ. ಶ್ರೀರಾಮನು ಶರವನ್ನು ನೆಲಕ್ಕೆ ನೆಟ್ಟು ನೀರು ಚಿಮ್ಮಿಸಿದನೆಂದೂ, ಅದರಿಂದಲೇ ನದಿಗೆ ಶರಾವತಿ ಎಂಬ ಹೆಸರು ಬಂದಿತೆಂದೂ ಆ ಸೀಮೆಯವರು ಹೇಳುವರು. ಅಲ್ಲಿ ಕೈಬೊಗಸೆಯಷ್ಟಿರುವ ನೀರು ಹೊಸನಗರ, ಸಾಗರದ ಕಾಡುಮೇಡುಗಳ ಹಳ್ಳಗಳನ್ನೆಲ್ಲ ಕೂಡಿಸಿಕೊಂಡು ವಾಯವ್ಯಕ್ಕೆ ಹರಿದು, ಘಟ್ಟದ ಅಂಚಿಗೆ ಬಂದು ನಿಲ್ಲುವುದು. ಅಲ್ಲಿಂದ ಮುಂದೆ ನೆಲವಿಲ್ಲ. 253 ಮೀಟರು ಆಳದ ಕಮರಿ. ಆ ಕಮರಿಗೆ ರಾಜಾ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಸೀಳಾಗಿ ಧುಮುಕುವುದೇ ಜಗತ್ಪ್ರಸಿದ್ಧವಾದ ಜೋಗ. ಜೋಗವನ್ನು ನೋಡಿದವರು ಲಕ್ಷಾಂತರ. ಆದರೆ ಜೋಗದ ಬುಡದಿಂದ ಮುಂದಕ್ಕೆ ಆ ನದಿಯು ಏನಾಯಿತು ಎಂದು ವಿಚಾರಿಸಿದವರು ವಿರಳ.

ಬಿದ್ದ ನೀರು ಕಡಿದಾದ ಬೆಟ್ಟಗಳ ನಡುವೆ ಪಡುವಣಕ್ಕೆ ದಾರಿ ಕೊರೆದುಕೊಂಡು ಹೋಗುವುದು. ಎರಡು ಕಡೆಯೂ ಗೋಡೆಯಂತೆ ಎದ್ದು ನಿಂತ ಗುಡ್ಡಗಳು. ಬುಡದಿಂದ ನೆತ್ತಿಯವರೆಗೆ ತೆರಪಿಲ್ಲದ ಕಾಡು. ಹೀಗೆ ಸಾಗಿದ ನದಿಯು ಗೇರುಸೊಪ್ಪೆಯ ಬಳಿ ಬೆಟ್ಟಗಳ ಹಿಡಿತದಿಂದ ಬಿಡಿಸಿಕೊಂಡು, ಮಂದಗಮನೆಯಾಗಿ, ತೆಂಗು ಅಡಕೆಯ ತೋಟಗಳ ನಡುವೆ ಹರಿದು, ಹೊನ್ನಾವರದಲ್ಲಿ ಅರಬ್ಬೀ ಸಮುದ್ರವನ್ನು ಸೇರುವುದು. ಹುಟ್ಟಿನಿಂದ ಕಡಲಿನವರೆಗೆ ಅದರ ನಡೆಯು ಸುಮಾರು 128 ಕಿಲೋಮೀಟರು ಮಾತ್ರ. ಇಷ್ಟು ಕಿರಿದಾದ ಹಾದಿಯಲ್ಲಿ ಇಷ್ಟು ಬಗೆಯ ರೂಪಗಳನ್ನು ತಾಳುವ ನದಿಗಳು ಕನ್ನಡ ನಾಡಿನಲ್ಲಿ ಹೆಚ್ಚಿಲ್ಲ.

ಆಷಾಢ ಶ್ರಾವಣಗಳಲ್ಲಿ ಈ ಕಣಿವೆಗೆ ಸೂರ್ಯನ ಪರಿಚಯವೇ ಇರುವುದಿಲ್ಲ. ಮಳೆಯು ನೂಲು ನೂಲಾಗಿ ಅಲ್ಲ, ಪರದೆ ಪರದೆಯಾಗಿ ಇಳಿಯುವುದು. ಪ್ರತಿಯೊಂದು ಕೊರಕಲಿನಲ್ಲಿಯೂ ಒಂದೊಂದು ಹೆಸರಿಲ್ಲದ ಜಲಪಾತ. ಕಾರ್ತಿಕ ಕಳೆದ ಮೇಲೆ ಬೆಳಗಿನ ಮಂಜು ಕಣಿವೆಯ ತುಂಬ ಹಾಲಿನಂತೆ ತುಂಬಿಕೊಂಡು, ಬಿಸಿಲೇರಿದಂತೆ ಒಂದೊಂದೇ ಗುಡ್ಡದ ನೆತ್ತಿಯನ್ನು ಬಿಟ್ಟುಕೊಡುವುದು. ಮಾಘ ಫಾಲ್ಗುಣಗಳಲ್ಲಿ ಹೊಸ ಚಿಗುರಿನ ಕೆಂಪು, ತಾಮ್ರವರ್ಣ, ಎಳೆ ಹಸುರು ಇವು ಬೆರೆತು ಕಾಡಿಗೆ ಕಾಡೇ ಹೂ ಬಿಟ್ಟಂತೆ ತೋರುವುದು.

ಘಟ್ಟದ ಮೇಲಿನ ಜನರು ನಿತ್ಯಹರಿದ್ವರ್ಣದ ದಟ್ಟ ಕಾಡನ್ನು ಕಾನು ಎಂದು ಕರೆಯುವರು. ಸಿದ್ದಾಪುರ ತಾಲ್ಲೂಕಿನಲ್ಲಿ ಹೆದ್ದಾರಿಯ ಮಗ್ಗುಲಲ್ಲಿಯೇ ಇರುವ ಒಂದು ಕಾನಿಗೆ ಕತ್ತಲೆಕಾನು ಎಂದೇ ಹೆಸರು. ನಡುಹಗಲಲ್ಲಿಯೂ ಅಲ್ಲಿ ಮುಸ್ಸಂಜೆಯ ಬೆಳಕು. ಅಲ್ಲಿ ರಾಮಪತ್ರೆಯ ಜಾತಿಯ ಮರಗಳು ಜವುಗು ನೆಲದಲ್ಲಿ ಊರುಗೋಲು ಊರಿದಂತೆ ಬೇರುಗಳನ್ನು ಊರಿ ನಿಂತಿರುವುವು. ಕೆಸರಿನೊಳಗೆ ಗಾಳಿ ಸಾಲದ ಕಾರಣ ಅವುಗಳ ಬೇರುಗಳು ಮಡಿಸಿದ ಮೊಳಕಾಲಿನಂತೆ ನೆಲದಿಂದ ಮೇಲೆದ್ದು ಉಸಿರಾಡುವುವು. ಮುರುಗಲು, ಉಪ್ಪಾಗೆ, ದಾಲ್ಚಿನ್ನಿ, ಬೈನೆ, ನಂದಿ, ಮತ್ತಿ ಇವು ಈ ಕಣಿವೆಯ ಒಡನಾಡಿಗಳು. ಮರದ ನೆತ್ತಿಯಲ್ಲಿಯೇ ಹುಟ್ಟಿ, ಅಲ್ಲಿಯೇ ಬಾಳಿ, ನೆಲವನ್ನು ಅಪರೂಪವಾಗಿ ಮುಟ್ಟುವ ಸಿಂಗಳೀಕವೆಂಬ ಕಪ್ಪು ಕೋತಿಗೆ ಇದು ತವರು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲಿಯೂ ಈ ಪ್ರಾಣಿಯು ಇಲ್ಲ. 1972ರಲ್ಲಿ ಈ ಕಣಿವೆಯ ಒಂದು ಭಾಗವು ವನ್ಯಜೀವಿಧಾಮವಾಯಿತು. 2019ರಲ್ಲಿ ಅದನ್ನು ವಿಸ್ತರಿಸಿ ಸಿಂಗಳೀಕದ ಹೆಸರಿನಲ್ಲಿಯೇ ಅಭಯಾರಣ್ಯವೆಂದು ಸಾರಲಾಯಿತು.

ಊರಿನ ಹೆಸರು, ಕಾನಿನ ಬಳ್ಳಿ

ಗೇರುಸೊಪ್ಪೆ ಎಂಬ ಹೆಸರು ಗೇರಿನ ಮರದಿಂದ ಬಂದುದು. ಇಲ್ಲಿ ಗೇರು ಎಂದರೆ ಇಂದು ಅಂಗಡಿಗಳಲ್ಲಿ ಮಾರುವ ಗೋಡಂಬಿಯ ಗೇರಲ್ಲ. ಅದನ್ನು ಪೋರ್ಚುಗೀಸರು ತಂದರು. ಇದು ಅದಕ್ಕೂ ಮೊದಲಿನ ಕರಿಗೇರು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಾಯಿ. ಸಂಸ್ಕೃತದಲ್ಲಿ ಇದಕ್ಕೆ ಭಲ್ಲಾತಕ ಎಂದು ಹೆಸರು. ಆದುದರಿಂದಲೇ ಊರಿಗೆ ಭಲ್ಲಾತಕೀಪುರ ಎಂಬ ಹೆಸರೂ ಸಲ್ಲುತ್ತಿತ್ತು. ಶಾಸನಗಳಲ್ಲಿ ನಗಿರೆ ಎಂದೂ ಕ್ಷೇಮಪುರ ಎಂದೂ ಕರೆದಿರುವುದು ಇದನ್ನೇ.

ಕಡಲಿನ ಉಬ್ಬರದ ನೀರು ಏರಿ ಬರುವುದು ಗೇರುಸೊಪ್ಪೆಯ ಸುತ್ತಿನವರೆಗೆ. ಅಲ್ಲಿಂದ ಮುಂದೆ ದೋಣಿ ನಡೆಯದು, ಘಟ್ಟವನ್ನು ಹತ್ತಬೇಕು. ಘಟ್ಟದ ಮೇಲಿಂದ ಎತ್ತುಗಳ ಮೇಲೆ ಹೇರಿಕೊಂಡು ಬಂದ ಸರಕನ್ನು ಇಳಿಸುವುದು ಇಲ್ಲಿ; ದೋಣಿಗೆ ತುಂಬಿ ಹೊನ್ನಾವರದ ರೇವಿಗೆ ಕಳುಹಿಸುವುದೂ ಇಲ್ಲಿಂದಲೇ. ಹೀಗೆ ಮೇಲಣ ದೇಶಕ್ಕೂ ಕಡಲಿಗೂ ನಡುವೆ ಇದು ಹೆಬ್ಬಾಗಿಲಿನಂತಿತ್ತು. ಹೆಬ್ಬಾಗಿಲಿನಲ್ಲಿ ಕುಳಿತವನಿಗೆ ವ್ಯಾಪಾರವು ಒಲಿಯುವುದು ಲೋಕದ ರೂಢಿ.

ಆ ಸರಕುಗಳಲ್ಲಿ ಮೊದಲನೆಯದು ಕಾಳುಮೆಣಸು. ಇದರ ಬಳ್ಳಿಗೆ ನೆಳಲೂ ಬೇಕು, ತಂಪೂ ಬೇಕು, ಏರಿ ಹಬ್ಬಲು ಮರವೂ ಬೇಕು. ಕಾನು ಈ ಮೂರನ್ನೂ ಕೊಡುವುದು. ಮುಂಗಾರು ಬೀಳುತ್ತಲೇ ಬಳ್ಳಿಯು ಹೂವಿನ ಎಳೆಗಳನ್ನು ಬಿಡುವುದು. ಎಳೆಯ ಮೇಲಿನಿಂದ ಜಾರುವ ಮಳೆಹನಿಯು ಪರಾಗವನ್ನು ಹೂವಿನಿಂದ ಹೂವಿಗೆ ಒಯ್ಯುವುದೆಂದು ಬೆಳೆಗಾರರು ನಂಬುವರು. ಹೊತ್ತಿಗೆ ಮಳೆ ಬಾರದಿದ್ದರೆ ಕಾಳು ಕಟ್ಟುವುದಿಲ್ಲ ಎಂಬುದು ಅವರ ಅನುಭವ. ಪುಷ್ಯ ಮಾಘದ ಹೊತ್ತಿಗೆ ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಾದರೆ ಕೊಯ್ಯುವ ಕಾಲ ಬಂದಿತೆಂದು ಅರ್ಥ. ಕೊಯ್ದು, ಕಾಲಿನಿಂದ ತುಳಿದು ಕಾಳು ಬಿಡಿಸಿ, ಚಾಪೆಯ ಮೇಲೆ ಬಿಸಿಲಿಗೆ ಹರಡಿದರೆ ಹಸುರು ಹೋಗಿ ಕಪ್ಪು ಬರುವುದು. ಪೂರ್ಣ ಹಣ್ಣಾದುದನ್ನು ನೆನೆಹಾಕಿ ಸಿಪ್ಪೆ ತೆಗೆದರೆ ಬೋಳುಕಾಳು. ಮೆಣಸು ಕೆಡುವ ಪದಾರ್ಥವಲ್ಲ. ಚೆನ್ನಾಗಿ ಒಣಗಿದ ಮೆಣಸು ವರ್ಷಗಟ್ಟಲೆ ಉಗ್ರಾಣದಲ್ಲಿದ್ದರೂ ಅದರ ಖಾರ ಕುಂದದು. ತೂಕಕ್ಕೆ ಹಗುರ, ಬೆಲೆಗೆ ಭಾರ. ಆದುದರಿಂದಲೇ ತಿಂಗಳುಗಟ್ಟಲೆ ಕಡಲಿನಲ್ಲಿ ಸಾಗುವ ವರ್ತಕನಿಗೆ ಅದಕ್ಕಿಂತ ಒಳ್ಳೆಯ ಸರಕು ಇರಲಿಲ್ಲ. ಅರಬರು ಅದಕ್ಕಾಗಿ ಬಂದರು. 1498ರಲ್ಲಿ ಕಲ್ಲಿಕೋಟೆಗೆ ಬಂದಿಳಿದ ಪೋರ್ಚುಗೀಸರು ಬಂದುದೂ ಅದಕ್ಕಾಗಿಯೇ.

ಶ್ರೇಷ್ಠಿಗಳ ಔದಾರ್ಯ

ಹೀಗೆ ಬಂದ ಸಂಪತ್ತು ಎಲ್ಲಿಗೆ ಹೋಯಿತು? ವರ್ತಕನ ಮನೆಯಲ್ಲಿ ಲೆಕ್ಕದ ಪುಸ್ತಕಕ್ಕೆ ಎರಡು ಪುಟಗಳಿರುವುವು. ಒಂದರಲ್ಲಿ ಜಮೆ, ಇನ್ನೊಂದರಲ್ಲಿ ಖರ್ಚು. ಜಮೆಯ ಪುಟವನ್ನು ಮೆಣಸು ತುಂಬಿತು. ಖರ್ಚಿನ ಪುಟವನ್ನು ಓದಬೇಕಾದರೆ ಶಿಲಾಶಾಸನಗಳನ್ನು ನೋಡಬೇಕು.

ಶ್ರವಣಬೆಳಗೊಳದಲ್ಲಿ 1412ರ ಒಂದು ಶಾಸನವುಂಟು. ಗೇರುಸೊಪ್ಪೆಯ ಗುಮ್ಮಟಣ್ಣನೆಂಬುವನು ಅಲ್ಲಿಗೆ ಬಂದು, ಮಂಗಾಯಿ ಬಸದಿಯೂ ಸೇರಿದಂತೆ ಕೆಲವು ಬಸದಿಗಳ ಜೀರ್ಣೋದ್ಧಾರ ಮಾಡಿಸಿದನೆಂದು ಅದು ತಿಳಿಸುವುದು. ಘಟ್ಟದ ಬುಡದ ಊರೆಲ್ಲಿ, ಬೆಳಗೊಳವೆಲ್ಲಿ! ಎತ್ತಿನ ದಾರಿಯಲ್ಲಿ ಅದು ದಿನಗಟ್ಟಲೆಯ ಪಯಣ. ತನ್ನ ಊರಿನಲ್ಲಿ ಹೊಸ ಬಸದಿಯನ್ನು ಕಟ್ಟಿಸಿದ್ದರೆ ಹೆಸರು ಊರವರ ಬಾಯಲ್ಲಿ ನಿತ್ಯವೂ ಇರುತ್ತಿತ್ತು. ಅವನು ದೂರದ ಕ್ಷೇತ್ರಕ್ಕೆ ಹೋಗಿ ಬೇರೆಯವರು ಕಟ್ಟಿಸಿ ಹಳತಾದ ಬಸದಿಗಳನ್ನು ನಿಲ್ಲಿಸಿದನು. ಹೊಸತನ್ನು ಕಟ್ಟುವುದಕ್ಕಿಂತ ಹಳೆಯದನ್ನು ಉಳಿಸುವುದು ಹೆಚ್ಚಿನ ಪುಣ್ಯವೆಂಬ ಹಿರಿಯರ ಮಾತಿಗೆ ಈತನು ಸಾಕ್ಷಿ.

ಇನ್ನೊಂದು ಸಂಗತಿ ಇದಕ್ಕಿಂತಲೂ ಹೃದಯಂಗಮವಾದುದು. ಅದೂ ಬೆಳಗೊಳದ್ದೇ; 1539ರ ಶಾಸನಗಳು. ಗೇರುಸೊಪ್ಪೆಯ ಚವುಡಿಸೆಟ್ಟಿಯೆಂಬ ಶ್ರಾವಕನು ಕ್ಷೇತ್ರಕ್ಕೆ ಬಂದನು. ಅಲ್ಲಿಯ ಕೆಲವರ ಹೊಲಗಳು ಅಡವು ಬಿದ್ದು ಕೈತಪ್ಪುವ ಸ್ಥಿತಿಯಲ್ಲಿದ್ದುವು. ಸೆಟ್ಟಿಯು ಆ ಅಡವನ್ನು ಬಿಡಿಸಿಕೊಟ್ಟನು. ಪ್ರತಿಯಾಗಿ ಬಡ್ಡಿಯನ್ನು ಕೇಳಲಿಲ್ಲ. ಹೊಲವನ್ನು ಮರಳಿ ಪಡೆದವರು ಒಂದು ತಂಡ ತ್ಯಾಗಿಗಳಿಗೆ ಆಹಾರದಾನವನ್ನು ನಡೆಸಿಕೊಂಡು ಬರುವುದಾಗಿ ಒಪ್ಪಿ ಕಲ್ಲಿನ ಮೇಲೆ ಬರೆಸಿಕೊಟ್ಟರು. ವಿಚಾರ ಮಾಡಿದರೆ ಇದರಲ್ಲಿ ಎರಡು ದಾನಗಳಿವೆ. ಸಾಲಗಾರನಿಗೆ ನೆಲವೂ ಮಾನವೂ ಉಳಿದುವು. ತ್ಯಾಗಿಗೆ ಆಹಾರ ದೊರೆಯಿತು. ಸಾಲಪತ್ರವೊಂದು ದಾನಪತ್ರವಾಗಿ ಮಾರ್ಪಟ್ಟ ಬಗೆ ಇದು. ಅಂಗಡಿಯ ಗದ್ದುಗೆಯ ಮೇಲೆ ಕುಳಿತು ಅಡವು, ಬಡ್ಡಿ, ವಾಯಿದೆಗಳ ಲೆಕ್ಕ ನೋಡುವ ಪ್ರತಿಯೊಬ್ಬ ವರ್ತಕನೂ ಈ ಶಾಸನವನ್ನು ಒಮ್ಮೆಯಾದರೂ ನೆನೆಯತಕ್ಕದ್ದು.

ಗೇರುಸೊಪ್ಪೆಯಲ್ಲಿಯೇ ದೊರೆತ 16ನೆಯ ಶತಮಾನದ ನಡುಭಾಗದ ಒಂದು ಶಾಸನದಲ್ಲಿ ಅಂಬವಣ ಶ್ರೇಷ್ಠಿಯ ವೃತ್ತಾಂತ ಬರುವುದು. ಇವನ ಅಜ್ಜನಾದ ಯೋಜಣ ಶ್ರೇಷ್ಠಿಯು ನೇಮಿನಾಥ ಚೈತ್ಯಾಲಯವನ್ನು ಕಟ್ಟಿಸಿದ್ದನು. ಮೊಮ್ಮಗನು ಅದರ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದನು. ಅಜ್ಜ ಕಟ್ಟಿದುದನ್ನು ಮೊಮ್ಮಗ ಮರೆಯಲಿಲ್ಲ ಎಂಬುದೇ ಇಲ್ಲಿಯ ತಿರುಳು. ಮಾನಸ್ತಂಭವನ್ನು ಕಂಡ ಮಾತ್ರಕ್ಕೆ ಅಹಂಕಾರವು ಇಳಿಯಬೇಕೆಂಬುದು ಶಾಸ್ತ್ರದ ಆಶಯ. ಸಿರಿವಂತಿಕೆಯ ನಡುವೆಯೇ ಇದ್ದ ಊರಿನಲ್ಲಿ ಸಿರಿವಂತನೊಬ್ಬನು ಅದನ್ನು ನಿಲ್ಲಿಸಿದುದು ಅರ್ಥಪೂರ್ಣವಾದುದು. ಪರಿಗ್ರಹಕ್ಕೆ ಪರಿಮಾಣವನ್ನು ಇಟ್ಟುಕೊಳ್ಳುವ ಅಣುವ್ರತವು ಬರಿಯ ಉಪದೇಶವಾಗಿರಲಿಲ್ಲ. ಪೇಟೆಯ ನಡುವೆ ಅದು ನಡವಳಿಕೆಯಾಗಿತ್ತು.

ರಾಣಿಯೂ ಪಂಡಿತರೂ

ಈ ಸೀಮೆಯನ್ನು ಆಳಿದವರು ವಿಜಯನಗರದ ಅಧೀನದಲ್ಲಿದ್ದ ಸಾಳುವ ವಂಶದ ಜೈನ ಅರಸರು. ಇವರ ಇನ್ನೊಂದು ನೆಲೆ ಭಟ್ಕಳದ ಸಮೀಪದ ಹಾಡುವಳ್ಳಿ, ಶಾಸನಗಳ ಸಂಗೀತಪುರ. ಈ ವಂಶದ ಕೊನೆಯ ಬೆಳಕು ರಾಣಿ ಚೆನ್ನಭೈರಾದೇವಿ. 16ನೆಯ ಶತಮಾನದ ನಡುವಿನಿಂದ 17ನೆಯ ಶತಮಾನದ ಆರಂಭದವರೆಗೆ, ಅರ್ಧ ಶತಮಾನಕ್ಕೂ ಮಿಕ್ಕಿ, ಆಕೆಯು ರಾಜ್ಯಭಾರ ಮಾಡಿದಳು. ಒಂದು ಕಡೆ ಕಡಲಿನಲ್ಲಿ ಪೋರ್ಚುಗೀಸರು. 1569ರಲ್ಲಿ ಅವರು ಹೊನ್ನಾವರದ ಕೋಟೆಯನ್ನು ಹಿಡಿದರು. ಇನ್ನೊಂದು ಕಡೆ ಘಟ್ಟದ ಮೇಲೆ ಬೆಳೆಯುತ್ತಿದ್ದ ಕೆಳದಿಯ ನಾಯಕರು. ಈ ಎರಡರ ನಡುವೆ ಕೆಲವೊಮ್ಮೆ ಕಾದಾಡಿ, ಕೆಲವೊಮ್ಮೆ ಒಪ್ಪಂದ ಮಾಡಿ, ಐವತ್ತು ವರುಷ ಕಣಿವೆಯನ್ನು ಕಾಯ್ದುಕೊಂಡುದು ಸಾಮಾನ್ಯವಾದ ಕಾರ್ಯವಲ್ಲ. ಪೋರ್ಚುಗೀಸರು ಆಕೆಯನ್ನು ಮೆಣಸಿನ ರಾಣಿ ಎಂದು ಕರೆದರು. ಕೊಳ್ಳುವವನು ಮಾರುವವನನ್ನು ಗೌರವದಿಂದ ಹೆಸರಿಸಬೇಕಾದರೆ ಮಾರುವವನ ತಕ್ಕಡಿಯೂ ಮಾತೂ ನೆಟ್ಟಗಿರಬೇಕು. ಕುಮಟೆಯ ಸಮೀಪದ ಮಿರ್ಜಾನ್ ಕೋಟೆಯನ್ನೂ, ಸಾಗರದ ಕಾಡಿನೊಳಗಿನ ಕಾನೂರು ಕೋಟೆಯನ್ನೂ ಜನರು ಇಂದಿಗೂ ಆಕೆಯ ಹೆಸರಿನೊಡನೆಯೇ ನೆನೆಯುವರು.

ಸಂಪತ್ತಿನ ಜೊತೆಗೆ ಸರಸ್ವತಿಯೂ ಇಲ್ಲಿ ನೆಲೆಸಿದ್ದಳು. ಅನೇಕ ರಾಜಸಭೆಗಳಲ್ಲಿ ವಾದದಲ್ಲಿ ಗೆದ್ದವನೆಂದು ಹೊಂಬುಜದ ಶಾಸನದಲ್ಲಿ ಸ್ತುತಿ ಪಡೆದಿರುವ ವಾದಿ ವಿದ್ಯಾನಂದನಿಗೆ ಗೇರುಸೊಪ್ಪೆಯೂ ಸಂಗೀತಪುರವೂ ಕಾರ್ಯಕ್ಷೇತ್ರಗಳಾಗಿದ್ದುವು. 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ವನ್ನು ರಚಿಸಿದ ಭಟ್ಟಾಕಳಂಕದೇವನು ಹಾಡುವಳ್ಳಿಯ ಮಠದ ಪರಂಪರೆಗೆ ಸೇರಿದವನು. ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ಭಾಷೆಗೆ ಬರೆದ ವ್ಯಾಕರಣವದು. ಸೂತ್ರಗಳ ಸಂಖ್ಯೆ 592. ರಾಜ್ಯವು ಕೊನೆಯುಸಿರು ಎಳೆಯುತ್ತಿದ್ದ ಆ ದಿನಗಳಲ್ಲಿ, ಯುದ್ಧದ ಸುದ್ದಿ ದಿನವೂ ಕಿವಿಗೆ ಬೀಳುತ್ತಿದ್ದ ಸೀಮೆಯಲ್ಲಿ, ಈ ಪರಂಪರೆಯ ಪಂಡಿತನೊಬ್ಬನು ಕನ್ನಡದ ಪದಗಳಿಗೆ ನಿಯಮಗಳನ್ನು ಕಟ್ಟುತ್ತಿದ್ದನು. ರಾಜ್ಯವು ಹೋಯಿತು, ವ್ಯಾಕರಣವು ಉಳಿಯಿತು.

ಚತುರ್ಮುಖ ಬಸದಿ

ಗೇರುಸೊಪ್ಪೆಯ ಬಳಿ ನದಿಯ ಆಚೆಯ ದಡದಲ್ಲಿ ನಗರಬಸ್ತಿಕೇರಿ ಎಂಬ ಗ್ರಾಮವಿದೆ. ಹೆಸರಿನಲ್ಲಿಯೇ ನಗರವೂ ಇದೆ, ಬಸ್ತಿಯೂ ಇದೆ, ಕೇರಿಯೂ ಇದೆ. ನೆಲದ ಮೇಲೆ ಮಾತ್ರ ನಗರವಿಲ್ಲ. ಕಾಡಿನೊಳಗೆ ನಡೆದು ಹೋದರೆ ಮರಗಳ ನಡುವೆ ಸಿಗುವುದು ಚತುರ್ಮುಖ ಬಸದಿ.

ಎತ್ತರವಾದ ಜಗತಿಯ ಮೇಲೆ ನಿಂತ ಶಿಲಾಮಯ ಕಟ್ಟಡವಿದು. ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲುಗಳು. ಯಾವ ಬಾಗಿಲಿನಿಂದ ಪ್ರವೇಶಿಸಿದರೂ ಎದುರಿಗೆ ಜಿನಬಿಂಬದ ದರ್ಶನ. ಸಮವಸರಣದಲ್ಲಿ ಕುಳಿತ ತೀರ್ಥಂಕರನು ನಾಲ್ಕು ದಿಕ್ಕಿನಲ್ಲಿ ಕುಳಿತವರಿಗೂ ತಮ್ಮ ಕಡೆಗೇ ಮುಖ ಮಾಡಿದಂತೆ ಕಾಣುವನೆಂದು ಪುರಾಣಗಳು ವರ್ಣಿಸುವುವು. ಆ ಭಾವವನ್ನೇ ಶಿಲ್ಪಿಯು ಇಲ್ಲಿ ಕಲ್ಲಿಗೆ ಇಳಿಸಿರುವನು. ಇಲ್ಲಿ ಹಿಂಭಾಗವೆಂಬುದಿಲ್ಲ. ಘಟ್ಟದಿಂದ ಇಳಿದವನಿಗೂ, ಕಡಲಿನಿಂದ ಬಂದವನಿಗೂ, ಧನಿಕನಿಗೂ, ಹೇರು ಹೊತ್ತವನಿಗೂ ಭಗವಂತನ ಮುಖವೇ ಕಾಣುವುದು. ಕಾರ್ಕಳದಲ್ಲಿ 1586ರಲ್ಲಿ ಇಮ್ಮಡಿ ಭೈರರಸನು ಕಟ್ಟಿಸಿದ ಚತುರ್ಮುಖ ಬಸದಿಯನ್ನು ಕಂಡವರಿಗೆ ಈ ವಿನ್ಯಾಸವು ಪರಿಚಿತ. ಆದರೆ ಕಾರ್ಕಳದ ಬಸದಿಯು ಬಂಡೆಯ ಮೇಲೆ ಬಯಲಿನಲ್ಲಿ ನಿಂತು ದೂರದಿಂದಲೇ ಕರೆಯುವುದು. ಗೇರುಸೊಪ್ಪೆಯದು ಕಾಡಿನ ಮೌನದಲ್ಲಿ ನಿಂತಿರುವುದು. ಹತ್ತಿರ ಬರುವವರೆಗೆ ತನ್ನ ಇರವನ್ನು ತಿಳಿಸದು. ಮೇಲೆ ಶಿಖರವಿಲ್ಲ. ಸುತ್ತಲೂ ಇನ್ನೂ ಕೆಲವು ಬಸದಿಗಳೂ ಅವುಗಳ ಅವಶೇಷಗಳೂ ಇವೆ. ಇಲ್ಲಿ ಒಂದು ಲಕ್ಷ ಮನೆಗಳೂ ಅನೇಕ ಬಸದಿಗಳೂ ಇದ್ದುವೆಂದು ಜನರು ಆಡಿಕೊಳ್ಳುವರು. ಎಣಿಕೆಯು ಹೇಗೇ ಇರಲಿ, ಕಾಡಿನ ನೆಲದಲ್ಲಿ ಅಲ್ಲಲ್ಲಿ ಎಡವುವ ಕೆತ್ತಿದ ಕಲ್ಲುಗಳು ಆ ಮಾತನ್ನು ಬರಿಯ ಕಟ್ಟುಕಥೆ ಎನ್ನಲು ಬಿಡವು.

ಹದಿನೇಳು ವರುಷಗಳಲ್ಲಿ ಕಾಡು

17ನೆಯ ಶತಮಾನದ ಮೊದಲ ದಶಕದಲ್ಲಿ ಕೆಳದಿಯ ವೆಂಕಟಪ್ಪ ನಾಯಕನು ಗೇರುಸೊಪ್ಪೆಯನ್ನು ಗೆದ್ದನು. ವೃದ್ಧೆಯಾಗಿದ್ದ ರಾಣಿಯು ಸೆರೆಯಾಗಿ ಅಲ್ಲಿಯೇ ತೀರಿಕೊಂಡಳೆಂದು ಹೇಳುವರು. ಅಂದಿನ ರಾಜಕಾರಣದಲ್ಲಿ ಗೆಲವು ಸೋಲುಗಳು ಬಂದು ಹೋಗುತ್ತಿದ್ದುವು. ಯಾರನ್ನೂ ದೂಷಿಸುವುದಕ್ಕಾಗಿ ಈ ಮಾತನ್ನು ಹೇಳಬೇಕಾಗಿಲ್ಲ. ಕ್ಷಮೆಯೇ ಧರ್ಮದ ಮೊದಲ ಲಕ್ಷಣ. ಹೇಳಬೇಕಾದುದು ಅದರ ಮುಂದಿನ ಸಂಗತಿಯನ್ನು.

1623ರಲ್ಲಿ ಪಿಯೆತ್ರೊ ದೆಲ್ಲ ವಾಲ್ಲೆ ಎಂಬ ರೋಮ್ ನಗರದ ಪ್ರವಾಸಿಯೊಬ್ಬನು ಗೋವೆಯಿಂದ ಇಕ್ಕೇರಿಗೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆಯಲ್ಲಿ ಈ ದಾರಿಯಾಗಿ ಬಂದನು. ಹೊನ್ನಾವರದಿಂದ ದೋಣಿಯಲ್ಲಿ ನದಿಯನ್ನು ಏರಿ ಬಂದ ಆ ಪಯಣದ ಸೊಬಗನ್ನು ಅವನು ತನ್ನ ಪತ್ರಗಳಲ್ಲಿ ಮನತುಂಬಿ ಹೊಗಳಿರುವನು. ಆದರೆ ಗೇರುಸೊಪ್ಪೆಯಲ್ಲಿ ಅವನು ಕಂಡುದು ಹಾಳುಬಿದ್ದ ಪಟ್ಟಣವನ್ನು. ಮರಗಿಡಗಳು ಬೆಳೆದು ಮುಚ್ಚಿದ ಅರಮನೆಯನ್ನು. ಕೆಲವು ಒಕ್ಕಲು ಗುಡಿಸಲುಗಳನ್ನು. ರಾಜ್ಯವು ಬಿದ್ದು ಆಗ ಹೆಚ್ಚೆಂದರೆ ಹದಿನೇಳು ವರುಷ ಕಳೆದಿತ್ತು. ಒಂದು ಮಗುವು ಹುಟ್ಟಿ ಮದುವೆಯ ವಯಸ್ಸಿಗೆ ಬರುವಷ್ಟರಲ್ಲಿ ರಾಜಧಾನಿಯೊಂದು ಕಾಡಾಗಿತ್ತು!

ಕಲ್ಲಿನ ಕಟ್ಟಡವು ಶತಮಾನಗಳ ಕಾಲ ನಿಲ್ಲುವುದು. ಚತುರ್ಮುಖ ಬಸದಿಯು ನಾಲ್ಕು ನೂರು ಮಳೆಗಾಲಗಳನ್ನು ತಡೆದುಕೊಂಡಿದೆ. ನಿಲ್ಲದೆ ಹೋದುದು ಕಲ್ಲಲ್ಲ, ಕೇರಿ. ವ್ಯಾಪಾರ ನಿಂತಿತು, ವರ್ತಕರು ಚದುರಿದರು, ದೀಪಕ್ಕೆ ಎಣ್ಣೆ ಕೊಡುವವರಿಲ್ಲವಾದರು, ಪೂಜೆ ಮಾಡುವ ಇಂದ್ರರು ಎಷ್ಟು ದಿನ ಒಬ್ಬರೇ ನಿಂತಾರು? ಶ್ರಾವಕನಿಲ್ಲದ ಬಸದಿಯು ಶಿಲ್ಪವಾಗಬಲ್ಲುದು, ಸ್ಮಾರಕವಾಗಬಲ್ಲುದು. ಧರ್ಮಸ್ಥಾನವಾಗಿ ಉಳಿಯುವುದು ಕಷ್ಟ. ಗೇರುಸೊಪ್ಪೆಯು ಜೈನ ಸಮಾಜಕ್ಕೆ ಹೇಳುವ ಮಾತು ಇದೇ.

ಈಚಿನ ಕಾಲ

ಕಳೆದ ಶತಮಾನದಲ್ಲಿ ಈ ಕಣಿವೆಗೆ ಇನ್ನೊಂದು ಬಗೆಯ ಸಂಪತ್ತು ದೊರೆಯಿತು, ಅದು ವಿದ್ಯುತ್ತು. 1940ರ ದಶಕದ ಕೊನೆಯಲ್ಲಿ ಜೋಗದ ಬಳಿ ವಿದ್ಯುದಾಗಾರವು ಆರಂಭವಾಯಿತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣಗೊಂಡಿತು. ನಾಡಿನ ಮನೆಮನೆಯಲ್ಲಿ ದೀಪ ಹೊತ್ತಿತು. ಆದರೆ ಆ ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿ ಸಾವಿರಾರು ಕುಟುಂಬಗಳು ಮನೆ, ತೋಟ, ದೇವರಮನೆಗಳನ್ನು ಬಿಟ್ಟು ಹೊರಟುವು. ಗೇರುಸೊಪ್ಪೆಯ ಬಳಿಯಲ್ಲಿಯೂ ಮುಂದೆ ಅಣೆಕಟ್ಟು ಬಂದಿತು. ಈಚಿನ ವರುಷಗಳಲ್ಲಿ ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸಿ 2000 ಮೆಗಾವಾಟ್ ವಿದ್ಯುತ್ತನ್ನು ತೆಗೆಯುವ ಯೋಜನೆಯ ವಿಷಯದಲ್ಲಿ ವಾದವಿವಾದಗಳು ನಡೆದಿವೆ. ವಿದ್ಯುತ್ತು ಬೇಕು ಎಂಬವರ ಮಾತಿನಲ್ಲಿಯೂ ನ್ಯಾಯವಿದೆ. ಕಾಡು ಒಮ್ಮೆ ಹೋದರೆ ಮರಳಿ ಬಾರದು ಎಂಬವರ ಮಾತಿನಲ್ಲಿ ನ್ಯಾಯದೊಡನೆ ಜೀವದಯೆಯೂ ಇದೆ. ಅಹಿಂಸೆಯನ್ನು ಪರಮಧರ್ಮವೆಂದು ಬಗೆದವರು ಎರಡನೆಯ ಮಾತಿಗೆ ಕಿವಿಗೊಡದೆ ಇರಲಾರರು. ಮರದ ನೆತ್ತಿಯನ್ನು ಬಿಟ್ಟು ಬೇರೆ ಮನೆಯಿಲ್ಲದ ಸಿಂಗಳೀಕಕ್ಕೆ ಪರಿಹಾರಧನವನ್ನು ಕೊಡುವವರು ಯಾರೂ ಇಲ್ಲ.

ಚತುರ್ಮುಖ ಬಸದಿಯು ಈಗ ಕೇಂದ್ರ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಇಲಾಖೆಯು ಕಲ್ಲನ್ನು ಕಾಯಬಲ್ಲುದು. ಭಕ್ತಿಯನ್ನು ಕಾಯುವುದು ಅದರ ಕೆಲಸವಲ್ಲ. ಹಾಡುವಳ್ಳಿಯಲ್ಲಿ, ಭಟ್ಕಳದಲ್ಲಿ, ಘಟ್ಟದ ಮೇಲಣ ಸೋಂದೆಯ ಮಠದಲ್ಲಿ ಆ ಪರಂಪರೆಯ ಎಳೆಗಳು ಇನ್ನೂ ಉಳಿದಿವೆ. ಅವು ಕಡಿಯದಂತೆ ನೋಡಿಕೊಳ್ಳುವ ಭಾರವು ಶ್ರಾವಕರ ಮೇಲಿದೆ.

ನಾಲ್ಕು ಬಾಗಿಲು, ನಾಲ್ಕು ದಾನ

ಶಾಸ್ತ್ರಗಳು ಗೃಹಸ್ಥನಿಗೆ ನಾಲ್ಕು ದಾನಗಳನ್ನು ವಿಧಿಸಿವೆ: ಆಹಾರ, ಔಷಧ, ಶಾಸ್ತ್ರ, ಅಭಯ. ಚತುರ್ಮುಖ ಬಸದಿಗೆ ನಾಲ್ಕು ಬಾಗಿಲುಗಳಿರುವಂತೆ ಆ ಕಣಿವೆಯೂ ಈ ನಾಲ್ಕು ದಾನಗಳ ಬಾಗಿಲಾಗಿತ್ತು. ಆಹಾರದಾನವನ್ನು ಚವುಡಿಸೆಟ್ಟಿಯ ಶಾಸನವು ಸಾರುತ್ತಿದೆ. ಔಷಧವೋ, ಶುಂಠಿ ಹಿಪ್ಪಲಿಗಳ ಜೊತೆಗೆ ಸೇರಿ ತ್ರಿಕಟುವಾಗುವ ಮೆಣಸನ್ನೇ ಆ ಕಾನುಗಳು ಲೋಕಕ್ಕೆ ಕೊಟ್ಟುವು. ಶಾಸ್ತ್ರದಾನಕ್ಕೆ ಭಟ್ಟಾಕಳಂಕನ ವ್ಯಾಕರಣವು ಸಾಕ್ಷಿ. ಅಭಯದಾನವನ್ನು ಇಂದು ಆ ಅಭಯಾರಣ್ಯವೇ ಹೆಸರಿನಲ್ಲಿ ಹೊತ್ತುಕೊಂಡಿದೆ.

ಈ ನೂತನ ಬಸದಿಯ ಊರಿನವರು ಈ ನಾಲ್ಕನ್ನು ನಾಲ್ಕು ಕಾರ್ಯಗಳಾಗಿ ಮಾಡಿಕೊಂಡರೆ ಪ್ರತಿಷ್ಠೆಯು ಸಾರ್ಥಕವಾಗುವುದು. ಮೊದಲನೆಯದಾಗಿ, ಉತ್ಸವದ ಖರ್ಚಿನಲ್ಲಿ ಉಳಿದ ಹಣವನ್ನು ನಿತ್ಯಪೂಜೆಯ ಮತ್ತು ಇಂದ್ರರ ಜೀವನದ ಸಲುವಾಗಿ ಕಾಯಂ ನಿಧಿಯಾಗಿ ಇಡಬೇಕು. ಬಂದ ಬಡ್ಡಿಯನ್ನು ಮಾತ್ರ ಬಳಸಬೇಕು, ಮೂಲಕ್ಕೆ ಕೈ ಹಾಕಬಾರದು. ಎರಡನೆಯದಾಗಿ, ಊರಿನಲ್ಲಿ ಕಾಯಿಲೆ, ಸಾಲ ಇವುಗಳಿಂದ ನೆಲೆ ತಪ್ಪುತ್ತಿರುವ ಮನೆಗಳಿಗೆ ಆಸರೆಯಾಗಬೇಕು. ಮನೆ ಉಳಿದರೆ ಕೇರಿ ಉಳಿಯುವುದು. ಕೇರಿ ಉಳಿದರೆ ಬಸದಿ ಉಳಿಯುವುದು. ಮೂರನೆಯದಾಗಿ, ಮನೆಗಳ ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾಗುತ್ತಿರುವ ತಾಳೆಗರಿಯ ಕಟ್ಟುಗಳನ್ನು ಇಳಿಸಿ, ಬಲ್ಲವರಿಗೆ ತೋರಿಸಿ, ಸುರಕ್ಷಿತವಾದ ಭಂಡಾರಕ್ಕೆ ಸೇರಿಸಬೇಕು. ನಾಲ್ಕನೆಯದಾಗಿ, ವರ್ಷಕ್ಕೊಮ್ಮೆ ಮಕ್ಕಳನ್ನು ಕಟ್ಟಿಕೊಂಡು ಗೇರುಸೊಪ್ಪೆಯಂತಹ ಕ್ಷೇತ್ರಕ್ಕೆ ಹೋಗಿಬರಬೇಕು. ಅದು ವನಭೋಜನದ ಮೋಜಿಗಲ್ಲ. ಕಾಡಿನಲ್ಲಿ ಕಸವನ್ನು ಬಿಡದೆ, ಪ್ರಾಣಿಗಳಿಗೆ ತಿಂಡಿಯನ್ನು ಎಸೆಯದೆ, ಬಸದಿಯ ಕಲ್ಲಿನ ಮೇಲೆ ಹೆಸರು ಕೆತ್ತದೆ, ನಾಲ್ಕು ಬಾಗಿಲುಗಳಲ್ಲಿಯೂ ನಿಂತು ಣಮೋಕಾರವನ್ನು ಪಠಿಸಿ ಮರಳಬೇಕು. ಅಷ್ಟು ಹೊತ್ತಾದರೂ ಆ ಕಲ್ಲಿಗೆ ಕೇರಿಯು ದೊರೆತಂತಾಗುವುದು.

ಧರ್ಮಬಂಧುಗಳೇ, ಗೇರುಸೊಪ್ಪೆಯ ಶ್ರೇಷ್ಠಿಗಳು ತಮ್ಮ ಪಟ್ಟಣವು ಹಾಳಾಗುವುದೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. ಅವರ ಉಗ್ರಾಣಗಳು ತುಂಬಿದ್ದುವು, ರೇವಿನಲ್ಲಿ ಹಡಗುಗಳಿದ್ದುವು. ಇಂದು ಅವರ ಉಗ್ರಾಣವಿಲ್ಲ, ಹಡಗಿಲ್ಲ, ಮನೆಯ ತಳಪಾಯವೂ ಕಾಣುವುದಿಲ್ಲ. ಉಳಿದಿರುವುದು ಅವರು ಕೊಟ್ಟುದು ಮಾತ್ರ. ಬೆಳಗೊಳದ ಕಲ್ಲಿನ ಮೇಲೆ ಗುಮ್ಮಟಣ್ಣನಿರುವನು, ಚವುಡಿಸೆಟ್ಟಿಯಿರುವನು; ಅವರ ಗಳಿಕೆಯು ಎಷ್ಟೆಂದು ಬರೆದ ಪುಸ್ತಕವು ಎಲ್ಲಿಯೂ ಇಲ್ಲ.

ನೂತನ ಬಸದಿಯಲ್ಲಿ ಈ ದಿನ ಹಚ್ಚಿದ ದೀಪವು ಮೊಮ್ಮಕ್ಕಳ ಕಾಲದಲ್ಲಿಯೂ ಉರಿಯುತ್ತಿರಲಿ. ಯೋಜಣ ಶ್ರೇಷ್ಠಿಯ ಚೈತ್ಯಾಲಯದ ಮುಂದೆ ಅಂಬವಣನು ಮಾನಸ್ತಂಭವನ್ನು ನಿಲ್ಲಿಸಿದಂತೆ, ಇಂದು ಕಟ್ಟಿದವರ ಮುಂದೆ ನಾಳೆ ನಿಲ್ಲಿಸುವವರು ಹುಟ್ಟಿಬರಲಿ. ಸರ್ವ ಜೀವರಿಗೂ ಕ್ಷೇಮವಾಗಲಿ.

ಜಯ ಜಿನೇಂದ್ರ.